ಅಣಬೆ ಕೋಣೆಗೆ ಬಂದ ಬೂಟು

ಸಹಾಯಧನದ ಅರ್ಜಿ ಹಿಡಿದು ಪರಿಶೀಲನೆಗೆ ಬಂದ ಅಧಿಕಾರಿ ನೇರವಾಗಿ ಅಣಬೆ ಬೆಳೆಯುವ ಕೋಣೆಯ ಬಾಗಿಲಿಗೇ ನಡೆದಾಗ, ಬೀದಿಯವರೆಲ್ಲ ಅಣಬೆ ಅಕ್ಕ ಎಂದು ಕರೆಯುವ ಅವಳು ಗಡಬಡಿಸಿ ಹಿಂದೆಯೇ ಓಡಿದಳು. ಆ ಕೋಣೆಗೆ ಅವಳ ಗಂಡನೂ ಚಪ್ಪಲಿ ಬಿಟ್ಟು, ಕೈ ತೊಳೆದು, ಹೊಸ್ತಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲದ್ದಿಯೇ ಹೋಗಬೇಕು. ಅಣಬೆ ಬೆಳೆಯುವ ಹುಲ್ಲಿನ ಚೀಲಗಳಲ್ಲಿ ಒಂದಕ್ಕೆ ಹಸಿರು ಬೂಷ್ಟು ಹತ್ತಿದರೆ ಸಾಕು, ಇಡೀ ಬೆಳೆ ಮಣ್ಣುಪಾಲು. ಬೂಷ್ಟಿಗೆ ಸಾಹೇಬರೇನು, ನೆಂಟರೇನು!

ಬೂಟು ಬಿಡಿ ಎನ್ನಲು ಅವಳು ಬಾಯಿ ತೆರೆದಳು. ಗಂಡ ಮೊಣಕೈಯಿಂದ ತಿವಿದು ಪಿಸುಗುಟ್ಟಿದ: “ಸುಮ್ನಿರೇ! ಸಾಹೇಬ್ರು ಸಿಟ್ಟಾದ್ರೆ ಸಹಾಯಧನಕ್ಕೆ ಎಳ್ಳುನೀರೇ.”

ಬೂಟುಗಳು ತಟ್ಟೆಯನ್ನು ದಾಟಿ ಒಳಗೆ ಹೋದವು. ಅಧಿಕಾರಿ ತೂಗುಬಿಟ್ಟ ಚೀಲಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಬೆಳ್ಳನೆಯ ಮೊಗ್ಗುಗಳನ್ನು ನೇವರಿಸಿದರು.

“ಬಹಳ ಚೆನ್ನಾಗಿ ಇಟ್ಕೊಂಡಿದೀರಮ್ಮ. ನಿಮ್ಮ ಅರ್ಜಿ ಪಾಸಾಯ್ತು ಅಂತಲೇ ತಿಳ್ಕೊಳ್ಳಿ,” ಎಂದರು.

ಗಂಡನ ಮುಖ ಮೊರದಗಲವಾಯಿತು.

“ಈಗಷ್ಟೇ ಇನ್ನೊಬ್ಬರ ಅಣಬೆ ನೋಡ್ಕೊಂಡು ಬಂದೆ. ಅಯ್ಯೋ ಪಾಪ, ಎಲ್ಲಾ ಹಸಿರು ಬೂಷ್ಟು! ನಂಬೋಕಾಗ್ದೆ ಒಂದೊಂದು ಚೀಲಾನೂ ಮುಟ್ಟಿ ನೋಡ್ದೆ.”

ಹೀಗೆಂದು ಅಧಿಕಾರಿ ಇನ್ನೊಂದು ಮೊಗ್ಗನ್ನು ಅಕ್ಕರೆಯಿಂದ ಸವರಿದರು.