ದೊದೊಲ್ ಹೊತ್ತ ಪೀಪಾಯಿ

ನಾನು ಓಕ್ ಮರದ ಒಂದು ಪೀಪಾಯಿ. ನನ್ನ ಮೈಯಲ್ಲಿ ಒಂದು ಮೊಳೆಯಿಲ್ಲ, ಒಂದು ಹನಿ ಅಂಟಿಲ್ಲ. ಮೂವತ್ತೊಂದು ಹಲಗೆಗಳು ಭುಜಕ್ಕೆ ಭುಜ ಒತ್ತಿ ನಿಂತಿವೆ. ಆರು ಕಬ್ಬಿಣದ ಪಟ್ಟಿಗಳು ಅವನ್ನು ಅಪ್ಪಿ ಹಿಡಿದಿವೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಹಲಗೆಗಳು ಉಬ್ಬಿ ನಾನು ಗಟ್ಟಿಯಾಗಿರುತ್ತೇನೆ. ಬರಿದಾದರೆ ಒಣಗಿ ಸಡಿಲವಾಗುತ್ತೇನೆ.

ಹುಟ್ಟಿದ್ದು ಸಮುದ್ರದಾಚೆ, ಅಮೆರಿಕದಲ್ಲಿ. ನನ್ನನ್ನು ಜೋಡಿಸಿದ ಮುದುಕ ಹಲಗೆಗಳನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದ. ಅಂಥವನೇ ಕೊನೆಗೆ ನನ್ನೊಳಗೆ ಬೆಂಕಿ ಹಚ್ಚಿದ! ಮರಕ್ಕೆ ಬೆಂಕಿಗಿಂತ ದೊಡ್ಡ ಭಯ ಯಾವುದು? ಹೊಟ್ಟೆಯೆಲ್ಲ ಉರಿದು, ಒಳಮೈ ಬೇಸಿಗೆಯ ಕೆರೆಯ ತಳದಂತೆ ಕಪ್ಪಾಗಿ ಬಿರುಕು ಬಿಟ್ಟ ಮೇಲೆ ನೀರು ಚಿಮುಕಿಸಿ ಆರಿಸಿದ. ಏಕೆ ಸುಟ್ಟೆ ಎಂದು ಕೇಳಲು ನನಗೆ ಮಾತಿರಲಿಲ್ಲ. ಉತ್ತರ ಸಿಕ್ಕಿದ್ದು ಹನ್ನೊಂದು ವರ್ಷಗಳ ಮೇಲೆ, ಮಂಗಳೂರಿನಲ್ಲಿ.

ನಾಲ್ಕು ವರ್ಷ ನನ್ನಲ್ಲಿ ವಿಸ್ಕಿ ಮಲಗಿತ್ತು. ಆಮೇಲೆ ಹಡಗು ಹತ್ತಿ ಗೋವೆಗೆ ಬಂದೆ, ಆರು ವರ್ಷ ರಮ್ ಹೊತ್ತೆ. ವಿಸ್ಕಿಯದು ಸಿಡುಕು ಸ್ವಭಾವ, ರಮ್ಮಿನದು ಮುದ್ದು. ಎರಡನ್ನೂ ಸಮನಾಗಿಯೇ ಸಾಕಿದೆ. ಒಂದು ದಿನ ಯಾರೋ ಬೆರಳಿನಿಂದ ತಟ್ಟಿ, "ಇದರಲ್ಲಿ ಇನ್ನೇನೂ ಉಳಿದಿಲ್ಲ" ಎಂದು ಹೊರಗೆ ಉರುಳಿಸಿದರು.

ನನ್ನನ್ನು ಕೊಂಡವರು ಮಂಗಳೂರಿನ ತಾರಾನಾಥ ಶೆಟ್ಟರು. ನೇತ್ರಾವತಿಯ ದಡದ ಹಳೆಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಅವರು ಬಿಯರ್ ಕಾಯಿಸುವ ಸಣ್ಣ ಉದ್ಯಮ ನಡೆಸುತ್ತಿದ್ದರು. ನಾನು ಬಂದದ್ದು ಬಿಯರಿಗಲ್ಲ, ಬಾಗಿಲ ಬಳಿ ಚಂದಕ್ಕೆ ನಿಲ್ಲಲು. ನಾಲ್ಕೇ ತಿಂಗಳ ಬಿಸಿಲಿಗೆ ಹಲಗೆಗಳ ನಡುವೆ ಬೆಳಕು ಹಾಯತೊಡಗಿತು.

ಅಲ್ಲಿ ಬಿಯರ್ ಕಾಯಿಸುತ್ತಿದ್ದವಳು ಲವೀನಾ. ದಿನವೂ ಒಳಗೆ ಹೋಗುವಾಗ ನನ್ನ ಬಾಯಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಮೇ ತಿಂಗಳ ಒಂದು ಬೆಳಿಗ್ಗೆ ಶೆಟ್ಟರ ಎದುರು ನಿಂತು ಕೇಳಿಯೇಬಿಟ್ಟಳು.

"ಶೆಟ್ರೇ, ಈ ಪೀಪಾಯಿ ನನಗೆ ಕೊಡಿ. ಒಂದು ಸ್ಟೌಟ್ ಮಾಡ್ತೇನೆ. ನಮ್ಮ ಮಾಂಯ್ ಮಾಡುವ ದೊದೊಲಿನ ರುಚಿಯದ್ದು."

ಸ್ಟೌಟ್ ಎಂದರೆ ಬಾರ್ಲಿಯನ್ನು ಕಾಫಿಬೀಜದಂತೆ ಕಪ್ಪಗೆ ಹುರಿದು ಮಾಡುವ ಬಿಯರ್. ಮಾಂಯ್ ಎಂದರೆ ಅವಳ ಅಮ್ಮ. ದೊದೊಲ್ ಎಂದರೆ ಅವರ ಮನೆಯ ಕ್ರಿಸ್ಮಸ್ ಸಿಹಿ. ಅಕ್ಕಿಹಿಟ್ಟು, ತೆಂಗಿನಹಾಲು, ತಾಳೆಮರದ ಓಲೆಬೆಲ್ಲ ಹಾಕಿ ಅರ್ಧ ದಿನ ಕೈ ಬಿಡದೆ ತಿರುವಿದರೆ ಆಗುವ ಕಪ್ಪು ಹಲ್ವ.

"ಎಂತ ಮಾರಾಯ್ತಿ, ಜರಡಿ ಹಾಗೆ ಉಂಟು ಇದು!" ಶೆಟ್ಟರು ನಕ್ಕರು. "ಆಯ್ತು, ಮಾಡು. ಕ್ರಿಸ್ಮಸಿಗೆ ಸರಿ ಬಂದ್ರೆ ಪ್ರತಿ ವರ್ಷ ನಿನ್ನದೇ ಒಂದು ಬಿಯರ್. ಇಲ್ಲದಿದ್ರೆ ಗರಗಸ ಹಾಕಿ ಎರಡು ಮಾಡುವ. ಹೂಕುಂಡಕ್ಕೆ ಒಳ್ಳೆದು."

ಆರು ವರ್ಷದಿಂದ ಅವಳು ಬೇರೆಯವರು ಬರೆದಿಟ್ಟ ಅಳತೆಯಲ್ಲೇ ಬಿಯರ್ ಕಾಯಿಸಿದ್ದಳು. ತನ್ನದು ಅನ್ನುವಂಥದ್ದು ಇದೇ ಮೊದಲು. ಅವಳ ಆಸೆಗೂ ನನ್ನ ಜೀವಕ್ಕೂ ಆ ದಿನ ಒಂದೇ ಗಂಟು ಬಿತ್ತು.

ನನ್ನನ್ನು ದುರಸ್ತಿ ಮಾಡಲು ಅವಳು ಕರೆತಂದದ್ದು ಬೋಟು ರಿಪೇರಿಯ ಸೇಸಪ್ಪಣ್ಣನನ್ನು. ಅವಳು ಒಳಗೆ ಹಂಡೆಯ ಹತ್ತಿರ ಇದ್ದಾಗ ಆತ ನನ್ನ ತಳದ ಬಿರುಕಿಗೆ ಉಳಿಯಿಂದ ಹತ್ತಿನೂಲು ತುಂಬತೊಡಗಿದ. ಎಂಥ ಹದವಾದ ಕೈ! ಆದರೆ ಆ ನೂಲನ್ನು ಆತ ಅದ್ದಿದ್ದು ಮೀನೆಣ್ಣೆಯಲ್ಲಿ.

ಲವೀನಾ ಹೊರಗೆ ಬಂದವಳೇ ಮೂಗು ಹಿಡಿದು ಚೀರಿದಳು. "ಸೇಸಪ್ಪಣ್ಣಾ! ಎಂತ ಮಾಡಿದ್ರಿ?"

"ದೋಣಿಗೆ ಇದೇ ಹಾಕುದಲ್ವಾ ಮಗಾ. ಐವತ್ತು ವರ್ಷದಲ್ಲಿ ನನ್ನ ಕೈಯ ಒಂದು ದೋಣಿಯೂ ಮುಳುಗ್ಲಿಲ್ಲ."

"ಅದು ನೀರು ಹೊರಗೆ ನಿಲ್ಲಿಸ್ಲಿಕ್ಕೆ! ಇದರ ಒಳಗಿನದ್ದನ್ನು ಮನುಷ್ಯರು ಕುಡಿಯುದು!"

ಮುದುಕನ ಮುಖ ಬಾಡಿತು. ಅಲ್ಲೇ ಕೂತು, ನೂಲನ್ನು ಎಳೆ ಎಳೆಯಾಗಿ ಕಿತ್ತ. ಎಣ್ಣೆ ತಾಗಿದ ಮರವನ್ನು ಉಗುರಿನಷ್ಟು ಉಗುರಿನಷ್ಟೇ ಕೆರೆದ. ಮರುದಿನ ಮನೆಯಿಂದ ಒಣಗಿದ ಮುಂಡೇವಿನ ಎಲೆ ತಂದ. ಮೂಡೆ ಕಟ್ಟಿ ಕಡುಬು ಬೇಯಿಸುವ ಎಲೆ ಅದು. ಹೊಟ್ಟೆಗೆ ಕೆಟ್ಟದ್ದಲ್ಲ. ಅದನ್ನು ಸೀಳಿ ಬಿರುಕಿಗೆ ತುಂಬಿದ. ಎರಡು ದಿನ ನೀರು ಕುಡಿಸಿದರು. ನಾನು ಉಬ್ಬಿದೆ. ಮೂರನೆಯ ದಿನ ತಳದಲ್ಲಿ ಒಂದು ಹನಿಯೂ ಕಾಣಲಿಲ್ಲ.

ಆದರೆ ಮೀನೆಣ್ಣೆ ಮರದ ಎಷ್ಟು ಆಳಕ್ಕೆ ಇಳಿದಿತ್ತು? ಅದು ಯಾರಿಗೂ ತಿಳಿಯದು. ನನಗೂ ತಿಳಿಯದು.

ಸ್ಟೌಟ್ ಕಾಯಿಸುವ ದಿನ ಲವೀನಾಳ ತಾಯಿ ಟೆಕ್ಲಾ ಬಾಯಿ ಕೊಡೆ ಹಿಡಿದು ಬಂದರು. ಮಗಳ ಈ ಕೆಲಸ ಅವರಿಗೆ ಅಷ್ಟು ಹಿಡಿಸಿರಲಿಲ್ಲ. ಆದರೂ ಓಲೆಬೆಲ್ಲವನ್ನು ಆರಿಸಿ ತಂದವರು ಅವರೇ. ತೆಂಗಿನತುರಿಯನ್ನು ಕಂದು ಬಣ್ಣಕ್ಕೆ ಹುರಿದು ಕೊಟ್ಟವರೂ ಅವರೇ.

"ತಿರುವುದನ್ನು ನಿಲ್ಲಿಸ್ಬೇಡ ಬಾಯೆ," ಎಂದರು ಹಂಡೆಯ ಪಕ್ಕ ನಿಂತು. "ನಮ್ಮ ಮನೆಯಲ್ಲಿ ದೊದೊಲಿನ ಮೊದಲ ತುಂಡು ಯಾರಿಗೆ? ಪಾದ್ರಿಗಳಿಗೂ ಅಲ್ಲ, ನೆಂಟರಿಗೂ ಅಲ್ಲ. ಹೆಚ್ಚು ಹೊತ್ತು ತಿರುವಿದವರಿಗೆ."

"ಗೊತ್ತುಂಟು ಮಾಂಯ್. ಅದಕ್ಕೇ ನನಗೆ ಯಾವತ್ತೂ ಸಿಕ್ಕಿದ್ದಿಲ್ಲ."

ಬಿಯರ್ ಹುದುಗಿ ಹದವಾದ ಮೇಲೆ ನನ್ನ ಬಾಯಿಗೆ ಸುರಿದು ಬಿರಡೆ ಬಡಿದರು. ಹೊರಗೆ ಮಳೆಗಾಲ ಶುರುವಾಗಿತ್ತು.

ಆ ತಿಂಗಳುಗಳನ್ನು ಹೇಗೆ ಹೇಳಲಿ? ಸೆಕೆಯಲ್ಲಿ ಸ್ಟೌಟ್ ಹಿಗ್ಗಿ ನನ್ನ ಸುಟ್ಟ ಮರದ ಬಿರುಕುಗಳೊಳಗೆ ಹೊಗುತ್ತಿತ್ತು. ತಂಪಿನಲ್ಲಿ ಕುಗ್ಗಿ ಹೊರಗೆ ಬರುತ್ತಿತ್ತು. ಪ್ರತಿ ಸಲ ಬರುವಾಗ ಏನನ್ನಾದರೂ ಕೈಯಲ್ಲಿ ಹಿಡಿದು ತರುತ್ತಿತ್ತು, ವಿಸ್ಕಿ ಮರೆತುಬಿಟ್ಟ ಘಮ, ರಮ್ ಬಿಟ್ಟುಹೋದ ಸಿಹಿ. ಇನ್ನೇನೂ ಉಳಿದಿಲ್ಲ ಎಂದಿದ್ದರಲ್ಲ, ಎಷ್ಟೊಂದು ಉಳಿದಿತ್ತು! ಲವೀನಾ ಬಿರಡೆ ತೆಗೆದು ನೋಡಲಿಲ್ಲ. ಮುಚ್ಚಳ ತೆಗೆದು ತೆಗೆದು ನೋಡಿದರೆ ಅನ್ನವೂ ಬೇಯುವುದಿಲ್ಲ ಎಂಬುದು ಅವಳ ತಾಯಿಯ ಮಾತು. ಬಂದಾಗೆಲ್ಲ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹೋಗುತ್ತಿದ್ದಳು, ಅಷ್ಟೆ.

ಡಿಸೆಂಬರಿನ ಎರಡನೆಯ ಭಾನುವಾರ, ಚರ್ಚಿನಲ್ಲಿ ಬೆಳಿಗ್ಗೆಯ ಪೂಜೆ ಮುಗಿದ ಮೇಲೆ ನನಗೆ ನಲ್ಲಿ ಹೊಡೆದರು. ಶೆಟ್ಟರು ಬಂದಿದ್ದರು. ಗೋಡೆಗೆ ಒರಗಿಸಿಟ್ಟ ಗರಗಸವೂ ಇತ್ತು. ಸೇಸಪ್ಪಣ್ಣ ಬಾಗಿಲ ಹೊರಗೇ ನಿಂತ.

"ಒಳಗೆ ಬನ್ನಿ. ವಾಸನೆ ನೋಡಿ ಹೇಳಿ," ಎಂದಳು ಲವೀನಾ.

"ನನಗೆ ಮೀನೆಣ್ಣೆ ಗೊತ್ತಾಗುದಿಲ್ಲ ಮಗಾ. ನಾನೇ ಆ ವಾಸನೆ."

ಸ್ಟೌಟ್ ಎಣ್ಣೆಯಂತೆ ನಿಧಾನವಾಗಿ ಇಳಿಯಿತು. ಬೆಳಕಿಗೆ ಹಿಡಿದರೂ ಅಂಚಿನಲ್ಲಿ ಮಾತ್ರ ಮಾಣಿಕ್ಯದ ಕೆಂಪು. ಮೇಲೆ ಕಾಫಿ ಬಣ್ಣದ ತೆಳು ನೊರೆ. ಲವೀನಾ ನಲ್ಲಿ ನಿಲ್ಲಿಸಿದಳು. ಲೋಟವನ್ನು ತಾಯಿಯ ಕಡೆ ಚಾಚಿದಳು. "ಮೊದಲು ನೀವು ನೋಡಿ ಮಾಂಯ್. ದೊದೊಲ್ ಗೊತ್ತಿರುದು ನಿಮಗೆ."

ಟೆಕ್ಲಾ ಬಾಯಿ ಮೂಸಿದರು. ಹುಬ್ಬು ಗಂಟಾಯಿತು. "ತಳ ಹಿಡಿದಿದೆ," ಎಂದರು.

ಶೆಟ್ಟರು ಗರಗಸದ ಕಡೆ ನೋಡಿದರು. ನನ್ನ ಹಲಗೆಗಳು ಬಿಗಿದುಕೊಂಡವು.

"ಹಾಳಾಯ್ತಾ?" ಲವೀನಾ ಲೋಟದತ್ತ ಬಗ್ಗಿದಳು.

"ಯಾರು ಹೇಳಿದ್ದು? ಉರುಳಿಯ ತಳದಲ್ಲಿ ಕಂದಾಗಿ ಹಿಡಿದದ್ದನ್ನು ಕೆರೆದು ತಿನ್ಲಿಕ್ಕೆ ನೀನು ತಮ್ಮನ ಜುಟ್ಟು ಹಿಡಿದು ಜಗಳ ಮಾಡ್ತಿದ್ದಿ ಅಲ್ವಾ? ಅದೇ ಇದು. ಮನೆಯಲ್ಲಿ ಅದು ಒಂದು ಹಿಡಿ ಸಿಕ್ಕಿದ್ರೆ ಹೆಚ್ಚು. ನೀನು ಒಂದು ಪೀಪಾಯಿ ಮಾಡಿದ್ದೀ."

ಓ, ಅದಕ್ಕೇ ನನ್ನನ್ನು ಸುಟ್ಟದ್ದು! ಸಮುದ್ರದಾಚೆಯ ಆ ಮುದುಕನ ಬೆಂಕಿ ಇಷ್ಟು ದೂರ ಬಂದು, ಇಷ್ಟು ವರ್ಷ ಕಾದು, ಒಬ್ಬ ತಾಯಿಯ ಮೂಗಿಗೆ ಮುಟ್ಟಿತ್ತು.

"ಮೀನು ಉಂಟಾ?" ಶೆಟ್ಟರು ಮೆಲ್ಲಗೆ ಕೇಳಿದರು.

"ಶೆಟ್ರೇ, ನಾನು ಬಂದರಿನ ಹತ್ತಿರ ಹುಟ್ಟಿದವಳು. ಮೀನು ಇದ್ದಿದ್ರೆ ಹೆಸರು ಸಮೇತ ಹೇಳ್ತಿದ್ದೆ."

ಎಲ್ಲರೂ ನಕ್ಕರು. ಸೇಸಪ್ಪಣ್ಣ ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡ. ಆದರೂ ಟೆಕ್ಲಾ ಬಾಯಿ ಕುಡಿಯಲಿಲ್ಲ. ಲೋಟ ಹಿಡಿದೇ ನಿಂತಿದ್ದರು.

"ಮೊದಲಿನದ್ದು ಯಾರಿಗೆ?"

"ನಿಮಗೇ ಮಾಂಯ್."

"ಅಲ್ಲ. ನೀನು ತಿರುವಿದ್ದು ಒಂದು ದಿನ. ಆರು ತಿಂಗಳು ತಿರುವಿದ್ದು ಯಾರು?"

ಅವರು ನನ್ನ ಬಳಿ ಬಂದು ಲೋಟದ ಮೊದಲ ಗುಟುಕನ್ನು ನನ್ನ ತಲೆಯ ಮೇಲೆ ಸುರಿದರು. ಹೊಟ್ಟೆಯಲ್ಲಿ ಅಷ್ಟು ದಿನ ಹೊತ್ತಿದ್ದರ ರುಚಿ ನನಗೆ ತಿಳಿದದ್ದು ಆಗಲೇ. ಮೊದಲು ಓಲೆಬೆಲ್ಲ. ಹಿಂದೆಯೇ ಹುರಿದ ತೆಂಗಿನಕಾಯಿ. ಆಮೇಲೆ ರಮ್ಮಿನ ಬಿಸುಪು. ಕೊನೆಯಲ್ಲಿ, ಎಲ್ಲವೂ ಹೋದ ಮೇಲೂ ಉಳಿಯುವ ಒಂದು ಸಣ್ಣ ಕಹಿ. ಆ ಕಹಿ ಇಲ್ಲದಿದ್ದರೆ ಅದು ಬರೀ ಸಿಹಿ.

ಇನ್ನೂ ಮೂರು ಕ್ರಿಸ್ಮಸ್ ನಾನು ಲವೀನಾಳ ಸ್ಟೌಟ್ ಹೊತ್ತೆ. ಆಮೇಲೆ ಮರ ದಣಿಯಿತು. ಈಗ ಅವಳ ಬಳಿ ಹೊಸ ಪೀಪಾಯಿಗಳಿವೆ, ತಳಕ್ಕೆ ಸೇಸಪ್ಪಣ್ಣನ ಮುಂಡೇವಿನ ಎಲೆ ಇದೆ. ನಾನು ಟೆಕ್ಲಾ ಬಾಯಿಯ ಅಡುಗೆಮನೆಯ ಹಿಂದಿನ ಜಗಲಿಯಲ್ಲಿದ್ದೇನೆ. ಹೊಟ್ಟೆ ಬರಿದು, ಹಲಗೆಗಳ ನಡುವೆ ಮತ್ತೆ ಬೆಳಕು. ಬೇಸರವಿಲ್ಲ. ಹೊತ್ತದ್ದೆಲ್ಲ ನಮ್ಮಲ್ಲೇ ಉಳಿಯಬೇಕೆಂದು ಯಾರಾದರೂ ಹೊರುತ್ತಾರೆಯೇ?

ಡಿಸೆಂಬರ್ ಬಂದರೆ ಬಿಸಿ ದೊದೊಲಿನ ತಟ್ಟೆಯನ್ನು ಆರಲು ನನ್ನ ತಲೆಯ ಮೇಲೆ ಇಡುತ್ತಾರೆ. ಬಿಸಿ ಮೆಲ್ಲಗೆ ಮರಕ್ಕೆ ಇಳಿಯುತ್ತದೆ. ಆರಿದ ಮೇಲೆ ಲವೀನಾ ಕೊಯ್ಯುತ್ತಾಳೆ. ಮೊದಲ ತುಂಡು ಈಗ ಪ್ರತಿ ವರ್ಷ ಅವಳಿಗೇ. ತಾಯಿಯ ತೋಳು ಸೋತಿದೆ, ತಿರುವುವವಳು ಅವಳು. ಅದರ ಒಂದು ಮೂಲೆಯನ್ನು ಮುರಿದು, ಯಾರೂ ನೋಡದಂತೆ, ನನ್ನ ಅಂಚಿನ ಮೇಲೆ ಇಟ್ಟು ಹೋಗುತ್ತಾಳೆ.