ಕೆಳತಟ್ಟೆಯ ಹುಳ ತಲೆ ಎತ್ತಿದ ದಿನ

ನಮ್ಮವರು ಚಿಂತಾಮಣಿಯಿಂದ ಹಳೆಯ ವ್ಯಾನೊಂದನ್ನು ತಂದ ವರ್ಷ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮೂರು ಸಾದಲಿಯಲ್ಲಿ ಬೇರೆ ಯಾರ ಹತ್ತಿರ ವ್ಯಾನಿತ್ತು ಹೇಳಿ! ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಮಾತ್ರ ಎಲ್ಲೋ ಕಳೆದುಹೋಗಿತ್ತು. ಅದರ ಬಾಯಿಗೆ ನನ್ನ ಹಳೇ ಸೀರೆಯ ತುಂಡು ತುರುಕಿದ್ದರು.

"ಒಂದು ಮುಚ್ಚಳ ತರಬಾರದಾ?" ಎಂದರೆ, "ಚೆಲ್ಲದಿದ್ರೆ ಸಾಕಲ್ವೇನೇ?" ಎನ್ನುತ್ತಿದ್ದರು. ಜಗಳಕ್ಕೆ ನನಗೆ ಪುರುಸೊತ್ತಿರಲಿಲ್ಲ. ಮನೆ ತುಂಬ ರೇಷ್ಮೆ ಹುಳ, ವರ್ಷದ ಅನ್ನವೆಲ್ಲ ಅವನ್ನು ಮೇಯಿಸುವ, ಒಂದರ ಮೇಲೊಂದು ಜೋಡಿಸಿದ ಬಿದಿರು ತಟ್ಟೆಗಳ ಮೇಲೆ.

ಹುಳ ಪೊರೆ ಬಿಡುವಾಗ ಸೊಪ್ಪು ಮುಟ್ಟದೆ, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ನಮ್ಮ ಹುಳ ಮೂರನೇ ಜ್ವರದಿಂದ ಹಿಂದಿನ ದಿನವಷ್ಟೇ ಎದ್ದಿದ್ದವು. ಪುಷ್ಯದ ಚಳಿ ಬೇರೆ. ಅವತ್ತು ನಮ್ಮವರು ಟ್ಯಾಂಕಿನ ಕಂಠಮಟ್ಟ ಪೆಟ್ರೋಲ್ ತುಂಬಿಸಿ, ವ್ಯಾನನ್ನು ಹುಳದ ಕೋಣೆಯ ಬಾಗಿಲ ಪಕ್ಕ ಬಿಸಿಲಲ್ಲಿ ನಿಲ್ಲಿಸಿದ್ದರು.

ಮಧ್ಯಾಹ್ನ ಸೊಪ್ಪು ಹಾಕಲು ಹೋದರೆ ಕೆಳಗಿನ ತಟ್ಟೆಯ ಹುಳವೆಲ್ಲ ತಲೆ ಎತ್ತಿ ಕೂತಿವೆ. ಮೇಲಿನ ತಟ್ಟೆಯವು ಮಾತ್ರ ಬಕಬಕ ಮೇಯುತ್ತಿವೆ.

"ಜ್ವರಕ್ಕೆ ಕೂತವೆ ಕಣೇ, ಶಾಖ ಸಾಲ್ದು," ಎಂದು ನಮ್ಮವರು ಹಿತ್ತಲಿಗೆ ಹೋಗಿ ಕುಂಪಟಿ ತುಂಬ ಕೆಂಡ ಮಾಡಿಕೊಂಡು ಬಂದರು.

ನಿನ್ನೆ ಎದ್ದ ಹುಳ ಇವತ್ತು ಮತ್ತೆ ಜ್ವರಕ್ಕೆ ಕೂರುವುದುಂಟೇ? ಅದೂ ಕೆಳಗಿನವು ಮಾತ್ರ? ಘಾಟು ಬಡಿದರೂ ಅವು ಹೀಗೇ ತಲೆ ಎತ್ತುತ್ತವೆ. ಪೆಟ್ರೋಲ್ ವಾಸನೆಯಲ್ಲೇ ಬದುಕಿ ನಮ್ಮ ಮೂಗು ಸತ್ತುಹೋಗಿತ್ತು. ಬಗ್ಗಿ ನೆಲಕ್ಕೆ ಮುಖ ಇಟ್ಟೆ. ಸತ್ತ ಮೂಗಿಗೂ ಪೆಟ್ರೋಲ್ ಘಾಟು ರಪ್ಪನೆ ಬಡಿಯಿತು. ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಅಲ್ಲೇ ನಿಲ್ಲಿ! ಮುಂದೆ ಬಂದ್ರೆ ನನ್ನಾಣೆ!"

"ಹುಳ ಸಾಯ್ತವೆ, ದಾರಿ ಬಿಡೇ!"

"ನಾವೇ ಸಾಯ್ತೀವಿ! ಹಿತ್ತಲಿಗೆ ಒಯ್ದು ಆರಿಸಿ!"

ನನ್ನ ಕೂಗಿಗೆ ಬೆದರಿ ಅವರು ಹಿಂದಕ್ಕೆ ಹೋದರು. ವ್ಯಾನು ಓಡಿಸುವ ಗೌಸ್ ಪೀರ್ ಓಡಿ ಬಂದ. ಟ್ಯಾಂಕಿಗೆ ತುರುಕಿದ ಬಟ್ಟೆ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದು ನೋಡಿದವನೇ ಮೆಲ್ಲಗೆ ಹೇಳಿದ, "ಅಕ್ಕಾ, ಗೋಡೆ ನೋಡಿ."

ಟ್ಯಾಂಕಿನ ಬಾಯಿಂದ ಏನೂ ಬರುವುದು ಕಾಣಲಿಲ್ಲ. ಆದರೆ ಸುಣ್ಣದ ಗೋಡೆಯ ಮೇಲೆ, ಬಿಸಿಲಲ್ಲಿ, ಒಂದು ನೆರಳು ಬಳುಕುತ್ತಾ ಕೆಳಗಿಳಿಯುತ್ತಿತ್ತು. ನೆಲ ಮುಟ್ಟಿ, ನಮ್ಮ ಹೊಸ್ತಿಲ ಕಡೆಗೆ ತಿರುಗುತ್ತಿತ್ತು. ಕಣ್ಣಿಗೇ ಕಾಣದ್ದಕ್ಕೆ ನೆರಳು! ನಾನು ಕೈಮುಗಿದುಬಿಟ್ಟೆ. ಭಯಕ್ಕೋ, ಬೆರಗಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಪೆಟ್ರೋಲಿನ ಹಬೆ ಅಕ್ಕಾ. ಗಾಳಿಗಿಂತ ಭಾರ. ನೀರಿನಂಗೆ ತಗ್ಗು ಹುಡುಕ್ತದೆ. ಕೆಂಡ ಸಿಕ್ಕಿದ್ರೆ ಅಲ್ಲಿಂದ ಟ್ಯಾಂಕಿನವರೆಗೂ ಬೆಂಕಿ," ಎಂದ ಗೌಸ್ ಪೀರ್.

ಮೂವರೂ ಸೇರಿ ವ್ಯಾನನ್ನು ದೂರದ ಬಯಲಿಗೆ ತಳ್ಳಿದೆವು. ಬಾಗಿಲು, ಕಿಟಕಿ ತೆರೆದು ಕೆಳಗಿನ ತಟ್ಟೆಗಳನ್ನು ಜಗುಲಿಗೆ ಹೊತ್ತು ತಂದೆವು. ಸಂಜೆಯ ಹೊತ್ತಿಗೆ ಒಂದೊಂದೇ ತಲೆ ಸೊಪ್ಪಿಗೆ ಇಳಿಯಿತು. ನಮ್ಮವರು ಮುಖ ಆ ಕಡೆ ತಿರುಗಿಸಿ ಅತ್ತರು.

ಮರುದಿನವೇ ಮುಚ್ಚಳ ತಂದರು. ಅದರಲ್ಲಿ ಸಣ್ಣ ತೂತು. "ತೂತಿನ ಮುಚ್ಚಳ ಕೊಟ್ಟು ಟೋಪಿ ಹಾಕಿದ್ದಾನೆ!" ಎಂದು ಹಾರಾಡಿದರು.

"ಅದು ಉಸಿರಾಡೋಕೆ ಅಣ್ಣಾ," ಎಂದು ಗೌಸ್ ಪೀರ್ ನಕ್ಕ. "ಮೂಗು ಮುಚ್ಚಿದ್ರೆ ವ್ಯಾನು ಓಡಲ್ಲ, ಬಾಯಿ ತೆರೆದಿದ್ರೆ ನಾವು ಉಳಿಯಲ್ಲ."

ಅಲ್ಲಿಂದಾಚೆ ಕುಂಪಟಿ ಒಳಗೆ ತರುವ ಮುನ್ನ ನಮ್ಮವರು ಕೆಳತಟ್ಟೆಯ ಮುಂದೆ ಮಂಡಿಯೂರಿ ಬಗ್ಗಿ ನೋಡುತ್ತಾರೆ. ಊರಿನ ಯಾರಿಗೂ ತಗ್ಗದ ತಲೆ ಅದು.