ಬಲಗಣ್ಣಿನ ಚಾಣ

ಅದೋ ಹೋಯಿತು, ಕೆರೆಯ ಏರಿಯ ಜಾಲಿಗಿಡದ ಮೇಲಿನಿಂದ ಕಪ್ಪಗೆ ಏನೋ ಸರಿದು ಹೋಯಿತು, ಕತ್ತು ತಿರುಗಿಸುವಷ್ಟರಲ್ಲಿ ಇಲ್ಲ — ಹಕ್ಕಿಯೇ, ಹಕ್ಕಿಯೇ ಇರಬೇಕು, ಇಷ್ಟು ದೊಡ್ಡ ಕೆರೆ, ನೀರು ಕಾಣದ ಹಾಗೆ ಕೂತ ಬಾತುಗಳು, ಇವುಗಳ ಮೇಲೆ ಕಪ್ಪಗೆ ಹಾರಿದ್ದು ಹಕ್ಕಿಯಲ್ಲದೆ ಇನ್ನೇನು, ಅನುಮಾನ ಇದ್ದರೆ ಎಡಗಣ್ಣು ಮುಚ್ಚಿ ಬರೀ ಬಲಗಣ್ಣಿನಲ್ಲಿ ನೋಡು ಶ್ರೀದೇವಿ, ಹೊರಗಿನದೋ ಕಣ್ಣೊಳಗಿನದೋ ಆಗಲೇ ಗೊತ್ತಾಗುತ್ತದೆ, ಒಂದು ಕೈ ಎತ್ತಿದರಾಯಿತು, ಆದರೆ ಕೈಯಲ್ಲಿ ಬೈನಾಕ್ಯುಲರ್ ಇದೆ, ಥಂಡಿಗೆ ಬೆರಳು ಸೆಟೆದಿವೆ, ಮಂಜು ಇನ್ನೂ ಪೂರ್ತಿ ಸರಿದಿಲ್ಲ, ನೆಪಕ್ಕೇನು ಬರ ನನಗೆ. ಮೊದಲು ಆ ಬೇಟೆಹಕ್ಕಿ, ಆ ಚಾಣ ಬರಲಿ, ಎಲ್ಲರೂ ನೋಡಲಿ, ಆಮೇಲೆ ಕಣ್ಣು ಮುಚ್ಚಿ ನೋಡಿದರಾಯಿತು.

ಎಲ್ಲರೂ ಬಂದದ್ದೇ ನನ್ನ ಮಾತು ನಂಬಿ. ಹೋದ ಭಾನುವಾರ ಇದೇ ಏರಿಯ ಮೇಲೆ ನಾನೊಬ್ಬಳೇ ನಿಂತಿದ್ದೆ, ಬಾತುಗಳೆಲ್ಲ ಒಮ್ಮೆಲೇ ದಡದಡ ಎದ್ದವು, ಕಪ್ಪಗಿನದೊಂದು ಮೇಲಿನಿಂದ ಕಲ್ಲು ಬಿದ್ದ ಹಾಗೆ ಬಿತ್ತು, ದೊಡ್ಡ ಚಾಣ ಎಂದು ನಾನೇ ನಮ್ಮ ಹಕ್ಕಿ ನೋಡುವ ಗುಂಪಿನ ವಾಟ್ಸಾಪಿಗೆ ಹಾಕಿದೆ, ಗುತ್ತಲದ ಕೆರೆಯಲ್ಲಿ ದೊಡ್ಡ ಚಾಣ, ಫೋಟೋ ಇಲ್ಲ, ಆದರೆ ಕಣ್ಣಾರೆ ಕಂಡೆ. ಕಣ್ಣಾರೆಯಂತೆ! ರಾಣೆಬೆನ್ನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಸರ್ಫರಾಜ ಒಂದು ಮದುವೆ ಬಿಟ್ಟು ಬಂದಿದ್ದಾನೆ, ಅಲ್ಲಿ ಟೆಲಿಸ್ಕೋಪಿನ ಮೂರು ಕಾಲು ಊರಿ ತಿರುವುತ್ತಿದ್ದಾನೆ, ಹಾವೇರಿಯ ಮಾಲತೇಶಪ್ಪ ಮಾಸ್ತರರು ಮಂಗನ ಟೋಪಿಯೊಳಗಿಂದ ಕೆಮ್ಮುತ್ತ, ತಂಗೀ, ಚಾಣಾನೋ ಹದ್ದೋ, ಚಲೋತ್ನಂಗ ನೋಡೀ ಇಲ್ಲೋ, ಎಂದು ಬಂದ ಹೊತ್ತಿನಿಂದ ಕೇಳುತ್ತಿದ್ದಾರೆ, ನೋಡೇನ್ರಿ ಸರ, ಎಂದೆ, ಜೋರಾಗಿಯೇ ಎಂದೆ. ಕಣ್ಣೊಳಗಿನ ಚುಕ್ಕೆ ಶುರುವಾದದ್ದೂ ಅದೇ ವಾರ. ಚಾಣ ಮೊದಲೋ ಚುಕ್ಕೆ ಮೊದಲೋ, ಎಷ್ಟು ನೆನೆದರೂ ಹತ್ತುತ್ತಿಲ್ಲ, ಶನಿವಾರ ರಾತ್ರಿ ಹೊರಳಿದಾಗ ಕಣ್ಣಂಚಿಗೆ ಮಿಂಚು ಹೊಡೆಯಿತು, ಅಥವಾ ಅದು ಸೋಮವಾರವೋ, ಬಾತುಗಳು ಎದ್ದದ್ದು ಸುಳ್ಳಲ್ಲ, ಆದರೆ ಬಾತು ನಾಯಿಗೂ ಏಳುತ್ತವೆ, ಎಮ್ಮೆಗೂ ಏಳುತ್ತವೆ.

ಹಿಂದೆ ಇವರು ಕಾರಿಗೆ ಒರಗಿ ಸೀನುತ್ತಿದ್ದಾರೆ, ನಮ್ಮ ಯಜಮಾನರು, ಶಶಿಕಾಂತ ಸಾಹೇಬರು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ಮದುವೆಯಾದ ಮೇಲೆ ಮೊದಲ ಸಲ ಹಕ್ಕಿ ನೋಡಲು ಬಂದವರು, ಬಿಳಿ ಅಂಗಿ ತೊಟ್ಟು ಬಂದಿದ್ದಾರೆ, ಬೇಡ ಎಂದರೂ ಕೇಳಲಿಲ್ಲ, ಹಕ್ಕಿಗಳಿಗೆ ಬಿಳಿ ಎದ್ದು ಕಾಣುತ್ತದೆ ಎಂದರೆ, ಅವೇನು ನನಗ ಹೆಣ್ಣು ಕೊಡಾಕ ಬಂದಾವನು ಎಂದರು. ಏ ಶ್ರೀದೇವಿ, ಎಲ್ಲೈತಿ ನಿನ್ನ ಚಾಣ, ನಾಳೆ ಸ್ವಾಮಾರ ಟೆಂಡರ್ ಐತಿ, ಲಗೂ ಬಾ ಅನ್ನು ಅದಕ. ಬರುತ್ತದೆ, ಸುಮ್ಮನಿರಿ. ಇಂದು ಬರದಿದ್ದರೆ ಸಾಯುವತನಕ ನಗುತ್ತಾರೆ ಈ ಮನುಷ್ಯ, ನಗಲಿ, ನಗುವುದಕ್ಕೆ ಹೆದರಿದವಳಲ್ಲ ನಾನು, ಹೆದರಿಕೆ ಬೇರೆ. ಕಣ್ಣಿಗೆ ಏನೋ ಆಗಿದೆ ಎಂದು ಬಾಯಿಬಿಟ್ಟರೆ ಮರುಗಳಿಗೆಯೇ ಮನೆಯವರೆಲ್ಲ ಸೇರಿ ತೀರ್ಪು ಕೊಡುತ್ತಾರೆ, ಆ ದುರ್ಬೀನು ನೋಡಿ ನೋಡಿನ ಕಣ್ಣು ಕಳಕೊಂಡ್ಲು, ಅಲ್ಲಿಗೆ ಕೆರೆ ಮುಗಿಯಿತು, ಚಳಿಗಾಲ ಮುಗಿಯಿತು, ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಗುತ್ತಲಕ್ಕೆ ಬರಬೇಕು, ನಾನು ಬ್ಯಾಡಗಿ ದಾಟುವ ಹಾಗಿಲ್ಲ.

ಬಾಯಿಬಿಡದೆಯೂ ಇರಲಿಲ್ಲ, ಅಡುಗೆಮನೆಯಲ್ಲಿ ಒಮ್ಮೆ ಅಂದೆ, ಕಣ್ಣ ಮುಂದ ಏನೋ ಹಾರಿದಂಗ ಆಗಾಕತ್ತೈತಿ, ಎಂದು. ಖಾರ ಬಡದಿರಬೇಕು, ಎಂದರು ಇವರು, ಊಟದ ತಾಟಿನಿಂದ ತಲೆ ಎತ್ತದೆ. ಖಾರ! ನಮ್ಮೂರಲ್ಲಿ ಕಣ್ಣಿಗೆ ಬೇರೆ ರೋಗವೇ ಇಲ್ಲ, ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತದೆ, ಕಣ್ಣು ಕೆಂಪಾದರೆ ಖಾರ, ನೀರು ಸುರಿದರೆ ಖಾರ, ಮಂಜಾದರೂ ಖಾರ, ತಣ್ಣೀರು ಹಾಕು, ಹರಳೆಣ್ಣೆ ಬಿಡು, ಓಣಿಯಲ್ಲಿ ಬಾಣಂತಿ ಇದ್ದರೆ ಎರಡು ಹನಿ ಹಾಲು ಹಿಂಡಿಸಿಕೊಂಡು ಬಾ. ಅತ್ತೆಗೂ ಹೀಗೇ ಮಾಡಿದ್ದು. ಪ್ರೇಮವ್ವ, ನನ್ನತ್ತೆ, ಮೆಣಸಿನಕಾಯಿ ರಾಶಿಯ ಮುಂದೆ ಕೂತು, ಕಣ್ಣ ಮುಂದ ಕರೇ ಪರದಿ ಬಂದಂಗ ಆಗೈತ್ರವಾ, ಎಂದು ಅಂದಾಗ ಹರಳೆಣ್ಣೆ ಬಿಟ್ಟವಳು ನಾನೇ, ಸೊಸೆ, ಭಕ್ತಿಯಿಂದ ಬಿಟ್ಟೆ, ಎಲ್ಲರೂ ಹೇಳಿದ್ದಕ್ಕೆ ಬಿಟ್ಟೆ, ಒಂದು ತಿಂಗಳಾದ ಮೇಲೆ ಹುಬ್ಬಳ್ಳಿಯ ಡಾಕ್ಟರು, ಖಾರ ಅಲ್ರೀ ಇದು, ಕಣ್ಣಿನ ಹಿಂದಿನ ಪರದೆ ಗೋಡೆಯ ಸುಣ್ಣದ ಹಾಗೆ ಕಿತ್ತು ಬಂದಿದೆ, ಕಪ್ಪು ಕಂಡ ದಿನವೇ ಬಂದಿದ್ದರೆ ಅಂಟಿಸಿ ಕೂರಿಸುತ್ತಿದ್ದೆವು, ಎಂದರು. ಅತ್ತೆ ಮಾತ್ರ ಇವತ್ತಿಗೂ ಆ ಬೆಳ್ಳಗಾದ ಕಣ್ಣನ್ನು ಬಂದವರಿಗೆಲ್ಲ ತೋರಿಸಿ, ಖಾರ ತಿಂತ್ರೆವಾ ನನ್ನ ಕಣ್ಣ, ಎನ್ನುತ್ತಾಳೆ, ಊರಿಗೆ ಏನೋ ಕಾಣಿಕೆ ಕೊಟ್ಟವಳಂತೆ. ಹಾವೇರಿಯಲ್ಲಿ ಚಷ್ಮಾ ಅಂಗಡಿ ಇಟ್ಟಿರುವ ತಬಸ್ಸುಮ್‌ಗೆ ಬುಧವಾರ ಫೋನ್ ಮಾಡಿದೆ, ನಮ್ಮ ಓಣ್ಯಾಗ ಒಬ್ಬಾಕಿಗೆ ಹಿಂಗಾಗೈತೆವಾ, ಎಂದು ಸುಳ್ಳು ಹೇಳಿ ಕೇಳಿದೆ, ಅವಳೇನು ದಡ್ಡಿಯೇ, ನನ್ನ ದಪ್ಪ ಗಾಜು ತಿಕ್ಕಿ ಕೊಡುವವಳೇ ಅವಳು, ಅಕ್ಕಾರ, ದಪ್ಪ ಚಷ್ಮಾದವರಿಗೆ ಇದು ಭಾಳ ಕೆಟ್ಟದ್ರಿ, ಆ ಒಬ್ಬಾಕಿಗೆ ಹೇಳ್ರಿ, ಇವತ್ತ ತೋರಸ್ರಿ ಅಂತ, ಇನ್ನ ಕರೇ ಪರದಿ ಬಂತಂದ್ರ ಅರ್ಧಾ ತಾಸೂ ಕುಂದ್ರಬ್ಯಾಡ ಅಂತ ಹೇಳ್ರಿ, ಎಂದಳು. ಹೇಳುತ್ತೇನೆ ಎಂದು ಇಟ್ಟೆ. ಭಾನುವಾರ ಒಂದು ಕಳೆಯಲಿ ಎಂದು ಆ ಒಬ್ಬಾಕಿ ಅಂದಳು.

ಅಕ್ಕಾರ, ಬರ್ರಿ, ಟೆಲಿಸ್ಕೋಪಿನ್ಯಾಗ ನೋಡ್ರಿ, ಹೆಬ್ಬಾತು ಏನ್ ಚಂದ ಕುಂತಾವು, ಸರ್ಫರಾಜ ಕರೆಯುತ್ತಿದ್ದಾನೆ. ಅದಕ್ಕೆ ಒಂದೇ ಕಣ್ಣು, ಅಯ್ಯೋ ಮಾರಾಯ, ಅದಕ್ಕೆ ಒಂದೇ ಕಣ್ಣು ಇಡಬೇಕು, ಬೆಳಗಿನಿಂದ ಅದರ ಹತ್ತಿರ ಹೋಗದೆ ಈ ಬೈನಾಕ್ಯುಲರ್ ಹಿಡಿದು ನಿಂತದ್ದೇ ಅದಕ್ಕೆ, ಮಾಸ್ತರ್ ನೋಡಲಿ ಎಂದರೆ, ಸರ ನೋಡಿದ್ರು, ನೀವ ಬರ್ರಿ, ಇವತ್ತ ನಿಮ್ಮ ದಿನಾ, ಎನ್ನುತ್ತಾನೆ, ಇವರೂ ಹಿಂದಿನಿಂದ, ಹೋಗ ಹೋಗ, ಕರಿಯಾಕತ್ತಾನ, ಎನ್ನುತ್ತಾರೆ, ಕಾಲು ನಡೆಯುತ್ತಿದೆ, ಚಷ್ಮಾ ತೆಗೆದು ಹಣೆಗೇರಿಸಿದೆ, ಎಡಗಣ್ಣು ಇಡು ಶ್ರೀದೇವಿ, ಒಳ್ಳೆಯ ಕಣ್ಣು ಇಡು, ಯಾರು ಕೇಳುತ್ತಾರೆ, ಆದರೆ ಇಷ್ಟು ವರ್ಷದ ರೂಢಿ, ಬಗ್ಗಿದ ಕೂಡಲೇ ಬಲಗಣ್ಣೇ ಹೋಗಿ ಕೂತಿತು, ಎಡಗಣ್ಣು ತಾನಾಗಿ ಮುಚ್ಚಿತು, ಬೆರಳು ಫೋಕಸ್ ತಿರುವಿತು — ನೀರು, ಬಿಸಿಲು, ಹೆಬ್ಬಾತಿನ ಬಿಳಿ ತಲೆ, ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಇದೆ, ಕಾಣುತ್ತಿದೆ, ದೇವರೇ ಕಾಣುತ್ತಿದೆ, ಆದರೆ ಕಾಲಿಲ್ಲ, ಹೊಟ್ಟೆ ಇಲ್ಲ, ಕೆಳಗಿನಿಂದ, ಮೂಗಿನ ಕಡೆಯಿಂದ ಕಪ್ಪಗೆ ಬಾಗಿದ್ದು ಏನೋ ಬಂದು ಕೆರೆಯನ್ನು ಅರ್ಧ ಮುಚ್ಚಿದೆ, ರೆಕ್ಕೆ, ಬಿಚ್ಚಿದ ರೆಕ್ಕೆ, ಸರ್ಫರಾಜ, ಮುಚ್ಚಳ ಪೂರಾ ತಗದೀ ಏನಪಾ, ಎಂದು ಕೇಳಿದೆ, ತಗದೇನ್ರೀ ಅಕ್ಕಾರ, ಎಂದ. ತಲೆ ಅತ್ತ ಸರಿಸಿದರೆ ರೆಕ್ಕೆಯೂ ಅತ್ತ, ಇತ್ತ ಸರಿಸಿದರೆ ಇತ್ತ. ನಿನ್ನೆ ಇರಲಿಲ್ಲ, ನಿನ್ನೆ ಬರೀ ಚುಕ್ಕೆ ಇತ್ತು, ಅರ್ಧ ತಾಸೂ ಕುಂದ್ರಬ್ಯಾಡ —

ಬಂತು ಬಂತು ಬಂತು! ಮಾಸ್ತರರ ದನಿ, ಕೆರೆ ಪೂರ್ತಿ ಒಮ್ಮೆಲೇ ಎದ್ದ ಸದ್ದು, ಸಾವಿರ ರೆಕ್ಕೆ ತಲೆಯ ಮೇಲೆ, ಸರ್ಫರಾಜನ ಕ್ಯಾಮೆರಾ ಕಟಕಟ ಹೊಡೆದುಕೊಳ್ಳುತ್ತಿದೆ, ಚಾಣ, ದೊಡ್ಡ ಚಾಣ, ಅಲ್ ನೋಡ್ರಿ, ಬಿತ್ತು ಬಿತ್ತು, ಹಿಡೀತು, ನಾನು ಮಾತ್ರ ಗಾಜಿನ ಮೇಲೆ ಕಣ್ಣು ಒತ್ತಿ ಆ ಕಪ್ಪನ್ನೇ ನೋಡುತ್ತ ನಿಂತಿದ್ದೇನೆ, ತಲೆ ಎತ್ತಿ ಚಷ್ಮಾ ಇಳಿಸಿ ಎಡಗಣ್ಣು ತೆರೆದಾಗ ನೀರು ಬರಿದಾಗಿತ್ತು, ಎಲ್ಲರ ಮುಖ ಗುಡ್ಡದ ಕಡೆ ತಿರುಗಿತ್ತು, ಒಂದೆರಡು ಪುಕ್ಕ ಇಳಿಯುತ್ತಿದ್ದವು. ಸುಳ್ಳಾಗಿರಲಿಲ್ಲ ನಾನು, ಇತ್ತು, ಚಾಣ ಖರೆಯೇ ಇತ್ತು. ಇವರು ಓಡಿ ಬರುತ್ತಿದ್ದಾರೆ, ಬಿಳಿ ಅಂಗಿಗೆ ಕೆಸರು ಸಿಡಿದಿದೆ, ಅಬ್ಬಬ್ಬಬ್ಬ, ಏನ್ ಬಿತ್ತಲೇ ಅದು, ಏನ್ ಬಿತ್ತು, ನೀ ಹೇಳಿದ್ದು ಖರೇ ನೋಡ, ಮುಂದಿನ ವಾರನೂ ಬರೂಣು, ನೋಡಿದೆಲ್ಲಾ ನೀನೂ? ಇಷ್ಟು ವರ್ಷ ಕಾದ ಮಾತು, ಹೂಂ ಎಂದರೆ ಸಾಕು, ಗುತ್ತಲದಲ್ಲಿ ಚಹಾ ಮಿರ್ಚಿ, ಎಲ್ಲರ ಶಾಭಾಸ್, ಮುಂದಿನ ವಾರ ಇವರೇ ಗಾಡಿ ತೆಗೆಯುತ್ತಾರೆ. ಇಲ್ರಿ, ಎಂದೆ, ನನಗ ಕಾಣಲಿಲ್ಲ, ಬಲಗಣ್ಣು ಕತ್ತಲಾಗೈತಿ, ಹುಬ್ಬಳ್ಳಿಗೆ ನಡ್ರಿ, ಈಗ. ನಗು ಇನ್ನೂ ಮುಖದಲ್ಲೇ ಇದೆ, ಒಂದು ಕೈಯಲ್ಲಿ ನೀರಿನ ಬಾಟಲಿ ಚಾಚಿದ್ದಾರೆ, ಖಾರ ಬಡದಿರಬೇಕು ಬಿಡ, ನೀರು ಹಾಕ್ಕೋ, ಹೋಗ್ತತಿ — ಅಂಗೈಯಿಂದ ಎಡಗಣ್ಣು ಮುಚ್ಚಿದೆ, ಬೆಳಗಿನಿಂದ ಏಳದ ಕೈ ಈಗ ಎದ್ದಿತು, ಇವರನ್ನೇ ನೋಡಿದೆ, ಹಣೆ ಇದೆ, ಒಂದು ಕಣ್ಣು ಇದೆ, ಖಾರ ಅಲ್ರೀ, ಇದು ಖಾರ ಅಲ್ಲ, ಬಾಟಲಿ ಇಲ್ಲ, ಕೈ ಇಲ್ಲ, ಖಾರ ಎಂದ ಬಾಯಿ ಇರಬೇಕಾದಲ್ಲಿ ಕಪ್ಪು ರೆಕ್ಕೆ, ಹಾರುವುದಿಲ್ಲ, ಮಡಚುವುದಿಲ್ಲ, ಕಪ್ಪು ರೆಕ್ಕೆ